ದೆವ್ವದ ಪಿಕ್ಚರ್ ನೋಡುವಾಗ ಬಂದ ಬೆವರು

ಗುಬ್ಬಿಯ ಗಂಗರಾಜು ಶಾಲಾ ವ್ಯಾನ್ ಓಡಿಸುತ್ತಾನೆ. ನಲವತ್ತು ದಾಟಿದ ಗಟ್ಟಿ ಆಳು, ಆದರೆ ದೆವ್ವ ಎಂದರೆ ಪುಕ್ಕಲ. ಐಟಿಐ ಓದುವಾಗ ಹಾಸ್ಟೆಲಿನಲ್ಲಿ ಯಾರೋ ಬೆಡ್‌ಶೀಟ್ ಹೊದ್ದು ಎದುರಿಗೆ ಬಂದಾಗ ಅವನು ಕಿರುಚಿಕೊಂಡಿದ್ದನ್ನು ಗೆಳೆಯರಾದ ಬಸವರಾಜ್ ಮತ್ತು ರಂಗನಾಥ್ ಇಂದಿಗೂ ಆಡಿಕೊಳ್ಳುತ್ತಾರೆ. ಅವನೂ ನಗುತ್ತಾನೆ. ಒಳಗೆ ಮಾತ್ರ ಚುಚ್ಚುತ್ತದೆ.

ಕಳೆದ ಬೇಸಿಗೆ ರಜೆಯ ಕೊನೆಯ ಭಾನುವಾರ ಬಸವರಾಜನ ಹೆಂಡತಿ ಮಕ್ಕಳು ಊರಿಗೆ ಹೋಗಿದ್ದರು. ತುಮಕೂರಿನ ಅವನ ಮನೆಯಲ್ಲಿ ಮೂವರೂ ಸೇರಿ ಸಂಜೆಯವರೆಗೆ ಒಂದರ ಹಿಂದೊಂದು ಸಿನಿಮಾ ನೋಡುವುದೆಂದು ತೀರ್ಮಾನವಾಯಿತು. ರಂಗನಾಥ್ ಕುಣಿಗಲ್‌ನಿಂದ ಕಾರಿನಲ್ಲಿ ಬಂದ. ಮೊದಲು ಹೊಡೆದಾಟದ ಚಿತ್ರ ಮುಗಿಯಿತು. ಬಿರಿಯಾನಿ ಆದ ಮೇಲೆ ಬಸವರಾಜ್ ಕಿಟಕಿಯ ಪರದೆ ಎಳೆದು ದೆವ್ವದ ಸಿನಿಮಾ ಹಾಕಿದ.

"ಗಂಗ, ನನ್ ಕೈ ಹಿಡ್ಕೊಂಡ್ ಕೂತ್ಕೊಳಪ್ಪಾ," ಎಂದು ರೇಗಿಸಿದ.

ಸಿನಿಮಾ ಸಪ್ಪೆ. ಬಹಳ ಹೊತ್ತು ಬಾಗಿಲು ಕಿರ್ ಎನ್ನುವುದೇ ಆಯಿತು. ಕೊನೆಗೂ ಬಂದ ದೆವ್ವದ ಮುಖಕ್ಕೆ ಪೌಡರ್ ಮೆತ್ತಿದ್ದರು. ತೇಲಿ ಬರುವಾಗ ಸೊಂಟಕ್ಕೆ ಕಟ್ಟಿದ ತಂತಿ ಕಾಣುತ್ತಿತ್ತು. ರಂಗನಾಥ್ ಬಿದ್ದು ಬಿದ್ದು ನಕ್ಕ. ಗಂಗರಾಜುವಿಗೂ ನಗು ಬಂತು, ಅಷ್ಟರಲ್ಲಿ ಎದೆಯ ಮೇಲೆ ಯಾರೋ ಮೊಣಕಾಲೂರಿ ಒತ್ತಿದಂತಾಯಿತು.

ಗ್ಯಾಸ್ ಇರಬೇಕು ಅಂದುಕೊಂಡು ನೀರು ಕುಡಿದ. ಭಾರ ಇಳಿಯಲಿಲ್ಲ. ನೋವು ಎಡಗೈಗೆ ಹಬ್ಬಿತು, ಅಂಗಿ ಬೆನ್ನಿಗೆ ಅಂಟಿತು.

ಬಸವರಾಜ್ ಮೊಬೈಲ್ ಟಾರ್ಚನ್ನು ಅವನ ಮುಖಕ್ಕೆ ಬಿಟ್ಟ. "ನೋಡ್ಲಾ ರಂಗ! ಈ ಡಬ್ಬಾ ಪಿಚ್ಚರ್‌ಗೂ ಬೆವ್ತವ್ನೆ!"

ಇಬ್ಬರೂ ನಕ್ಕರು. ಈಗ ಬಾಯಿಬಿಟ್ಟರೆ ಸಾಯುವವರೆಗೂ ಇದನ್ನೇ ಹೇಳುತ್ತಾರೆ ಎಂದು ಗಂಗರಾಜು ಹಲ್ಲು ಕಚ್ಚಿ ಕುಳಿತ. ಇದೊಂದು ಮುಗಿಯಲಿ, ಎದ್ದು ಹೋಗೋಣ. ಆದರೆ ಸಿನಿಮಾ ಮುಗಿಯುತ್ತಲೇ ಇಲ್ಲ. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಈ ನೋವು ನಾಳೆ ಬೆಳಿಗ್ಗೆ ಸ್ಟೇರಿಂಗ್ ಹಿಡಿದಾಗ, ಹಿಂದೆ ಮಕ್ಕಳು ತುಂಬಿರುವಾಗ ಬಂದರೆ? ನಕ್ಕರೆ ನಗಲಿ ಎಂದು ಅವನು ಬಾಯಿಬಿಟ್ಟ.

"ಟಿವಿ ಆಫ್ ಮಾಡ್ರೋ."

"ಯಾಕ್ಲಾ, ಭಯ ಆಯ್ತಾ?"

"ಹೂಂ ಕಣೋ, ಭಯ ಆಗ್ತೈತೆ. ದೆವ್ವಕ್ಕಲ್ಲ. ಎದೆ ನೋಯ್ತೈತೆ. ಆಸ್ಪತ್ರೆಗೆ ಕರ್ಕೊಂಡೋಗಿ."

"ಏನ್ ಆಕ್ಟಿಂಗ್ ಗುರು!" ಎಂದ ಬಸವರಾಜ್. ಆದರೆ ರಂಗನಾಥ್ ಗಂಗರಾಜುವಿನ ಕೈ ಮುಟ್ಟಿ ನೋಡಿ ನಗು ನಿಲ್ಲಿಸಿದ. "ಬಸ್ವ, ಕೈ ಐಸ್ ಆಗೋಗೈತೆ. ಕಾರ್ ತೆಗೀತೀನಿ, ಇವನ್ನ ಹಿಡ್ಕೊಂಡ್ ಬಾ."

ರಸ್ತೆಯಲ್ಲಿ ಮದುವೆ ಮೆರವಣಿಗೆ ಅಡ್ಡ ಬಂತು. ರಂಗನಾಥ್ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಹಿಂದಿನ ಸೀಟಿನಲ್ಲಿ ಬಸವರಾಜ್ ಗೆಳೆಯನನ್ನು ತಬ್ಬಿ ಹಿಡಿದಿದ್ದ. "ಕಣ್ಮುಚ್ಬೇಡ ಗಂಗ. ಬೈಯೋ ನನ್ನ, ಏನಾದ್ರೂ ಬೈಯೋ." ಗಂಗರಾಜುವಿಗೆ ಬೈಯಲೂ ಉಸಿರಿರಲಿಲ್ಲ. ಬ್ಯಾಂಡ್‌ನವರು ಪಕ್ಕಕ್ಕೆ ಸರಿದರು, ಕಾರು ನುಗ್ಗಿತು.

ಹೃದಯಾಘಾತ ಎಂದರು ಡಾಕ್ಟರ್. ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿ ಸ್ಟೆಂಟ್ ಹಾಕಿದರು. ಸಂಜೆಯ ಹೊತ್ತಿಗೆ ಜೀವಕ್ಕೆ ಅಪಾಯವಿಲ್ಲ ಎಂದು ಗೊತ್ತಾಯಿತು.

ಗುಬ್ಬಿಯಿಂದ ಓಡಿ ಬಂದ ಹೆಂಡತಿ ಪ್ರಮೀಳಾ ಮಂಚದ ಪಕ್ಕ ನಿಂತು ಕೇಳಿದಳು: "ನೋವು ಶುರುವಾದ ತಕ್ಷಣ ಹೇಳ್ಬಾರ್ದಿತ್ತಾ?"

ಬಾಗಿಲ ಬಳಿಯಿದ್ದ ಬಸವರಾಜ್ ತಲೆ ತಗ್ಗಿಸಿದ. "ನಾನು ಹೇಳಕ್ ಬುಡ್ಲಿಲ್ಲ ಅಕ್ಕ. ನಗ್ತಿದ್ದೆ."

ಪ್ರಮೀಳಾ ಅವನ ಕಡೆ ತಿರುಗಲಿಲ್ಲ.

ಗಂಗರಾಜು ಮನೆಗೆ ಬಂದ ಮೇಲೆ ಬಸವರಾಜ್ ಪ್ರತಿ ಭಾನುವಾರ ಗುಬ್ಬಿಗೆ ಬರತೊಡಗಿದ. ಇಬ್ಬರೂ ಕೆರೆ ಏರಿಯ ಮೇಲೆ ನಿಧಾನವಾಗಿ ನಡೆದು ಬರುತ್ತಿದ್ದರು. ಪ್ರಮೀಳಾ ಅವನಿಗೆ ಕಾಫಿ ಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಆಯುಧಪೂಜೆ ಹತ್ತಿರವಾದಾಗ ಒಂದು ದಿನ, ಅವನು ಹೊರಡಲು ಚಪ್ಪಲಿ ಮೆಟ್ಟುವಾಗ ಅಡುಗೆಮನೆಯಿಂದಲೇ ಕೂಗಿದಳು:

"ಮುದ್ದೆ ಮಾಡಿದೀನಿ. ಉಂಡ್ಕೊಂಡ್ ಹೋಗಣ್ಣ."