ತೊಳೆದ ಜೀಪು

ಈ ಸಿಟ್ಟು ಆರುವ ಮೊದಲೇ ಬರೆದಿಡಬೇಕು. ಆರಿದ ಮೇಲೆ ಬರೆದರೆ ಎಲ್ಲರಿಗೂ ಅವರವರ ಪಾಲಿನ ನ್ಯಾಯ ಹಂಚಿ ನಾನು ದೊಡ್ಡವಳಾಗಿಬಿಡುತ್ತೇನೆ. ಡೈರಿ ಬರೆಯುವವರಿಗೆ ಈ ಚಟ ಇರುತ್ತದೆ. ನಡೆದದ್ದನ್ನು ಬರೆಯಲು ಕೂತು, ನಡೆಯಬೇಕಿತ್ತು ಅನ್ನಿಸಿದ್ದನ್ನು ಬರೆದು ಏಳುತ್ತೇವೆ.

ನಾನು ಸಾಗರದಲ್ಲಿ ಕಾಲೇಜು ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ಬಾಡಿಗೆ ಮನೆಯ ಊಟದ ಮೇಜಿನ ಅರ್ಧಭಾಗ ಹಿಡಿದುಕೊಂಡು ಕಾರು, ಲಾರಿಗಳ ಮಾದರಿ ಕಟ್ಟುತ್ತೇನೆ. ಆಟಿಕೆಯಲ್ಲ. ನಿಜವಾದ ಗಾಡಿಯನ್ನು ಇಪ್ಪತ್ನಾಲ್ಕು ಪಟ್ಟು ಚಿಕ್ಕದು ಮಾಡಿದರೆ ಹೇಗಿರುತ್ತದೋ ಹಾಗೆ, ಕನ್ನಡಿಯಿಂದ ನಟ್ಟಿನವರೆಗೆ ಎಲ್ಲವೂ ಅದೇ ಪ್ರಮಾಣದಲ್ಲಿರಬೇಕು. ಮೊದಮೊದಲು ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗಗಳನ್ನು ತರಿಸಿ ಅಂಟಿಸುತ್ತಿದ್ದೆ. ಎರಡು ಕಾರು, ಒಂದು ಹಾಲಿನ ಟ್ಯಾಂಕರ್, ಮರದ ನಾಟಾ ತುಂಬುವ ಲಾರಿ ಒಂದು ಹಾಗೆ ಆದವು. ಸುತ್ತಲಿನ ತಾಲ್ಲೂಕುಗಳಲ್ಲಿ ಇದೇ ಹುಚ್ಚಿನವರು ಒಂದಷ್ಟು ಜನ ಇದ್ದಾರೆ, ನಮ್ಮದೊಂದು ವಾಟ್ಸಾಪ್ ಗುಂಪಿದೆ, ಅದರಲ್ಲಿ ಹೆಂಗಸು ನಾನೊಬ್ಬಳೇ. ಟ್ಯಾಂಕರಿನ ಫೋಟೋ ಹಾಕಿದಾಗ ಒಬ್ಬರು "ಪೆಟ್ಟಿಗೆ ಮಾಲು ನೀಟಾಗಿ ಅಂಟಿಸಿದ್ದೀರಿ ಮೇಡಮ್" ಎಂದರು. ಇನ್ನೊಬ್ಬರು, "ಯಜಮಾನ್ರು ಸಹಾಯ ಮಾಡ್ತಾರಾ?" ಎಂದು ಕೇಳಿದರು. ನಮ್ಮ ಯಜಮಾನರಿಗೆ ಪೇಸ್ಟಿನ ಟ್ಯೂಬಿನ ಮುಚ್ಚಳ ಹಾಕಲೂ ನೆನಪಿರುವುದಿಲ್ಲ.

ದಸರಾ ಮುಗಿದ ಭಾನುವಾರ ತೀರ್ಥಹಳ್ಳಿಯಲ್ಲಿ ಗುಂಪಿನ ಮೊದಲ ಪ್ರದರ್ಶನ ಎಂದು ಗೊತ್ತಾದಾಗ, ಯಾವ ಪೆಟ್ಟಿಗೆಯಲ್ಲೂ ಸಿಗದ ಗಾಡಿಯನ್ನೇ ಇಡುತ್ತೇನೆ ಎಂದು ಹಟ ಹಿಡಿದೆ. ಹಾಗೆ ಶುರುವಾದದ್ದು ಭಾವನ ಜೀಪು.

ಭಾವ ಅಂದರೆ ನನ್ನ ಗಂಡನ ಅಣ್ಣ. ನಿಟ್ಟೂರಿನವರು. ವರ್ಷಗಟ್ಟಲೆ ಬಾಡಿಗೆ ಜೀಪಿನಲ್ಲಿ ಕೊಡಚಾದ್ರಿ ಬೆಟ್ಟಕ್ಕೆ ಜನ ಹತ್ತಿಸಿದವರು. ಆ ರಸ್ತೆಯನ್ನು ರಸ್ತೆ ಎಂದು ಕರೆಯುವುದು ರೂಢಿಯಷ್ಟೆ, ಅದು ಕಲ್ಲು ಮತ್ತು ಹೊಂಡಗಳ ಒಂದು ಸಾಲು. ಜೀಪಿಗೆ ವಯಸ್ಸಾಗಿ, ಕಾಗದಪತ್ರದ ಅವಧಿಯೂ ಮುಗಿದು, ಭಾವ ಅದನ್ನು ಗುಜರಿಗೆ ಹಾಕಿದರು. ಕೊಯ್ದು ಹಾಕುವುದನ್ನು ನೋಡಲು ಹೋಗಲಿಲ್ಲವಂತೆ. ಅಷ್ಟು ಬಿಟ್ಟು ಆ ವಿಷಯವಾಗಿ ಅವರು ಏನಾದರೂ ಆಡಿದ್ದು ನನಗೆ ಗೊತ್ತಿಲ್ಲ.

ಬೇಸಿಗೆ ರಜೆಯಿಂದ ಮಳೆಗಾಲ ಮುಗಿಯುವವರೆಗೆ ಅದನ್ನು ಕಟ್ಟಿದೆ. ಬಿಳಿ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೈ ಮಾಡಿದೆ, ತಂತಿ ಬಗ್ಗಿಸಿ ಹಿಂದಿನ ಸೀಟಿನವರು ಹಿಡಿದುಕೊಳ್ಳುವ ಕಂಬಿ ಮಾಡಿದೆ, ಹಳೇ ಕೊಡೆಯ ಬಟ್ಟೆಯಿಂದ ಹುಡ್ ಹೊಲಿದೆ. ಆದರೆ ನನ್ನ ಹೆಮ್ಮೆ ಇದ್ದದ್ದು ಇವುಗಳಲ್ಲಲ್ಲ, ಮಣ್ಣಿನಲ್ಲಿ. ನಿಟ್ಟೂರಿನಾಚೆಯ ತಿರುವಿನಿಂದ ಕೆಂಪು ಮಣ್ಣು ತಂದು, ಒಣಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದು, ಸವೆದ ಕುಂಚದ ತುದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಕೂರಿಸಿದೆ. ಚಕ್ರದ ಹಿಂದೆ ಸಿಡಿದದ್ದು ಬೇರೆ, ಬಾಗಿಲ ಕೆಳಗೆ ಮೆತ್ತಿಕೊಂಡದ್ದು ಬೇರೆ, ಗಾಜಿನ ಮೇಲೆ ವೈಪರ್ ಆಡಿದಷ್ಟು ಜಾಗ ಮಾತ್ರ ಸ್ವಚ್ಛ. ಕಂಬಿಯ ಮೇಲೆ, ಜನ ಜೀವ ಬಿಗಿಹಿಡಿದು ಕೂರುವ ಕಡೆ, ಕೈಗಳ ಉಜ್ಜಾಟಕ್ಕೆ ಬಣ್ಣ ಹೋಗಿ ಕಬ್ಬಿಣ ಮಿನುಗುವ ಹಾಗೆ ಮಾಡಿದ್ದೆ. ಇಡೀ ಜೀಪಿನಲ್ಲಿ ನನಗೆ ಇಷ್ಟವಾದದ್ದು ಆ ಜಾಗ.

ಕೊನೆಗೆ ಇದರ ಮೇಲೆ ಹೊಳಪಿಲ್ಲದ ವಾರ್ನಿಶ್ ಸಿಂಪಡಿಸಬೇಕು. ಆಗ ಮಣ್ಣು ಅಲ್ಲಾಡುವುದಿಲ್ಲ. ಆದರೆ ಗಾಳಿಯಲ್ಲಿ ತೇವವಿದ್ದರೆ ವಾರ್ನಿಶ್ ಕೆನೆಗಟ್ಟಿದ ಹಾಗೆ ಬೆಳ್ಳಗಾಗುತ್ತದೆ. ಒಂದು ಒಳ್ಳೆಯ ಬಿಸಿಲು ಬರಲಿ ಎಂದು ಕಾಯುತ್ತಿದ್ದೆ. ಆಯುಧಪೂಜೆಗೆ ಪ್ರತಿ ವರ್ಷ ನಿಟ್ಟೂರಿನಲ್ಲಿ ಸೇರುವುದು ಪದ್ಧತಿ, ಅಲ್ಲಿ ಬಿಸಿಲು ಸಿಕ್ಕರೆ ಅಂಗಳದಲ್ಲೇ ಸಿಂಪಡಿಸಿ, ಅಲ್ಲಿಂದಲೇ ತೀರ್ಥಹಳ್ಳಿಗೆ ಹೋಗುವುದೆಂದು ಜೀಪನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು ಮಡಿಲಲ್ಲಿ ಹೊತ್ತುಕೊಂಡು ಹೋದೆ. ರಾತ್ರಿ ಎಲ್ಲರಿಗೂ ತೋರಿಸಿದೆ. ಭಾವ ತುಂಬಾ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಬೆಳಿಗ್ಗೆ ಎದ್ದು ಹೊರಗೆ ಬಂದರೆ ಅಂಗಳದಲ್ಲಿ ನೀರು ಹರಿಯುತ್ತಿತ್ತು. ಬೈಕು, ಟಿಲ್ಲರ್, ನಮ್ಮ ಸ್ಕೂಟರ್, ಕತ್ತಿ, ಹಾರೆ, ಎಲ್ಲ ತೊಳೆದು ಸಾಲಾಗಿ ನಿಲ್ಲಿಸಿದ್ದರು. ಸಾಲಿನ ಕೊನೆಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ನನ್ನ ಜೀಪು. ಫಳಫಳ ಹೊಳೆಯುತ್ತಿತ್ತು. ಬಾನೆಟ್ಟಿನ ಮೇಲೆ ಕುಂಕುಮ, ಕನ್ನಡಿ ಇದ್ದ ಕಡೆ ಒಂದು ಸೇವಂತಿಗೆ ಎಸಳು. ಕನ್ನಡಿ ಇರಲಿಲ್ಲ. ಒಂದು ವೈಪರ್ ಇರಲಿಲ್ಲ. ಗಾಜಿನ ಮೇಲೆ ಅಂಟಿಸಿದ್ದ ದೇವರ ಹೆಸರು ಅರ್ಧ ಎದ್ದು ಸುರುಳಿಯಾಗಿತ್ತು. ಎಲ್ಲ ಗಾಡಿಗಳ ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದರು. ಇದಕ್ಕೆ ಅದು ದೊಡ್ಡದಾಯಿತೆಂದು ನಾಲ್ಕು ಹಸಿ ಕಾಳುಮೆಣಸು ಇಟ್ಟಿದ್ದರು.

"ಭಾವ, ಎಂತ ಮಾಡಿದ್ರಿ ಇದು?"

"ಎಂತ ಮಾಡೋದು ಮಾರಾಯ್ತಿ, ಹಬ್ಬದ ದಿನ ಗಾಡಿ ಹಂಗೆ ಇಡಕಾಗ್ತದ? ಎಲ್ಲ ತೊಳ್ದೆ, ಇದೊಂದು ಎಂತಕೆ ಉಳೀಬೇಕು ಅಂತ ಇದ್ನೂ ತೊಳ್ದೆ." ಮುಖದ ತುಂಬ ನಗು. "ಸೋಪು ಹಾಕ್ಲಿಲ್ಲ, ಹೆದರ್ಬೇಡ. ಶಾಂಪೂ. ಸೋಪಿಗೆ ಬಣ್ಣ ಹೋಗ್ತದೆ ಅಂತ ನಂಗೆ ಗೊತ್ತಿಲ್ವ?"

ಅಕ್ಕ, ಅಂದರೆ ಭಾವನ ಹೆಂಡತಿ, ಅಡುಗೆಮನೆ ಕಿಟಕಿಯಿಂದಲೇ ಕೂಗಿದರು: "ಹಲ್ಲುಜ್ಜೋ ಬ್ರಶ್ ಕೊಟ್ಟಿದ್ದು ನಾನು! ಸಂದೀಲೆಲ್ಲ ಎಷ್ಟ್ ಕೊಳೆ ಇತ್ತು ಗೊತ್ತಾ? ನಿಂಗೆ ಪಾಪ ಕಾಲೇಜು, ಎಲ್ಲಿ ಟೈಮು ಸಿಗ್ತದೆ."

ನನಗೆ ಕ್ಲೀನ್ ಮಾಡಲು ಪುರಸೊತ್ತಿಲ್ಲ ಎಂದು ಅವರು ಕನಿಕರಪಟ್ಟಿದ್ದರು!

ಆಗ ನಾನು ಕಿರುಚಿದೆ ಎಂದು ನನ್ನ ನೆನಪು. ಕೇಳದೆ ಹೇಗೆ ಮುಟ್ಟಿದಿರಿ, ಬೇರೆಯವರ ಕೆಲಸ ಅಂದರೆ ನಿಮಗೆ ಏನೂ ಅಲ್ಲವೇ ಎಂದೆಲ್ಲ ಕೂಗಾಡಿದ್ದು ಕಿವಿಯಲ್ಲಿದೆ. ಆದರೆ ನನ್ನ ಗಂಡ ಹೇಳುವುದೇ ಬೇರೆ: ಎಂತ ಮಾಡಿದ್ರಿ ಎಂದದ್ದು ಬಿಟ್ಟರೆ ನಾನು ತುಟಿ ಬಿಚ್ಚಲಿಲ್ಲವಂತೆ, ಕೂತು ಕಾಳುಮೆಣಸು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡೆನಂತೆ. ಡೈರಿಯಲ್ಲಿ ಆ ದಿನದ ಪುಟದಲ್ಲಿ ಇರುವುದು "ತೊಳೆದುಬಿಟ್ಟರು" ಎಂಬ ಒಂದೇ ಮಾತು. ಗಂಡ ಹೇಳಿದ್ದೇ ನಿಜವಿರಬೇಕು. ಯಾಕೆಂದರೆ ಆಮೇಲೆ ಎಲ್ಲರೂ ಸಂತೋಷವಾಗಿಯೇ ಊಟಕ್ಕೆ ಕೂತರು, ಕಡುಬು ಬಡಿಸಿದರು. ಒಬ್ಬಳು ಕಿರುಚಾಡಿದ ಮನೆಯಲ್ಲಿ ಹಾಗೆ ಉಣ್ಣುವುದಿಲ್ಲ.

ಊಟದ ಹೊತ್ತಿಗೆ ನಾನು ಇಷ್ಟು ಮಾತ್ರ ಹೇಳಿದೆ, ಇದು ಗ್ಯಾರಂಟಿ ನೆನಪಿದೆ: "ಆ ಮಣ್ಣು ಕೊಳೆ ಅಲ್ಲ ಭಾವ. ನಾನೇ ಬಳಿದಿದ್ದು. ಒಂದು ತಿಂಗಳ ಕೆಲಸ."

ಭಾವನ ಕೈ ತುತ್ತಿನಲ್ಲೇ ನಿಂತಿತು. "ಬೇಕಂತ ಗಲೀಜು ಮಾಡಿದ್ದಾ?"

"ನಿಮ್ಮ ಜೀಪು ಹಾಗೇ ಇತ್ತಲ್ಲ."

"ನನ್ನ ಗಾಡಿ? ಯಾವತ್ತು ಹಂಗಿತ್ತು? ಅಲ್ಲ, ನೀನೇ ಹೇಳೆ," ಎಂದು ಅಕ್ಕನ ಕಡೆ ತಿರುಗಿದರು. "ದಿನಾ ಸಂಜೆ ಹೊಳೆಗೆ ಇಳಿಸಿ ತೊಳೀದೆ ನಾನು ಮನೆಗೆ ಬಂದಿದ್ದುಂಟಾ? ಸ್ಟ್ಯಾಂಡಲ್ಲಿ ನನ್ನ ಗಾಡಿ ನೋಡಿ ಬೇರೆಯವರು ಮದುವೆ ಗಂಡು ಅಂತಿದ್ರು. ರಾತ್ರಿ ನೋಡ್ದಾಗ್ಲೇ ನಂಗೆ ಕಸಿವಿಸಿ ಆಗಿತ್ತು. ಹೋಗ್ಲಿ, ಹುಡುಗಿ ಮನಸಿಗೆ ಬೇಜಾರಾಗ್ತದೆ ಅಂತ ಸುಮ್ನಿದ್ದೆ."

ನಲವತ್ತು ದಾಟಿದ ನನ್ನನ್ನು ಹುಡುಗಿ ಎಂದರು. ನನ್ನ ಗಂಡ ಮಧ್ಯೆ ಬಾಯಿ ಹಾಕಿ, "ಬಿಡೆ, ಮಣ್ಣು ತಾನೆ? ನಿಟ್ಟೂರಲ್ಲಿ ಮಣ್ಣಿಗೆ ಬರವಾ?" ಎಂದರು. ಎಲ್ಲರೂ ನಕ್ಕರು. ನಾನು ಎದ್ದು ಕೈ ತೊಳೆದುಕೊಂಡೆ.

ನಿಟ್ಟೂರಿನಿಂದಲೇ ತೀರ್ಥಹಳ್ಳಿಗೆ ಹೋಗುವ ಯೋಚನೆ ಬಿಟ್ಟು ಮಾರನೇ ದಿನ ಸಾಗರಕ್ಕೆ ವಾಪಸ್ ಬಂದು, ಭಾನುವಾರದೊಳಗೆ ಸರಿಮಾಡಿಬಿಡುತ್ತೇನೆ ಎಂದು ಮೇಜಿಗೆ ಕೂತೆ. ಕನ್ನಡಿ ಮಾಡಿದೆ, ವೈಪರ್ ಮಾಡಿದೆ. ಮಣ್ಣಿನ ಪುಡಿ ಉಳಿದಿತ್ತು. ಕುಂಚ ಹಿಡಿದೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಮೊದಲ ಸಲ ಕೈ ತಾನಾಗಿ ಹೋಗಿತ್ತು, ಈಗ ಭಾವನ ಮಾತು ಕುಂಚಕ್ಕೆ ಅಡ್ಡ ನಿಂತಿತು. ನಾನು ಆ ಜೀಪು ಹತ್ತಿದ್ದು ನಾಲ್ಕೈದು ಸಲ ಇರಬಹುದು. ಪ್ರತಿ ಸಲವೂ ನಾನು ಅದನ್ನು ಕಣ್ಣಿಟ್ಟು ನೋಡಿದ್ದು ಬೆಟ್ಟ ಇಳಿದ ಮೇಲೆ, ಸೊಂಟ ಹಿಡಿದುಕೊಂಡು ಕೆಳಗೆ ನಿಂತಾಗ. ಬೆಳಿಗ್ಗೆ ಹೇಗಿರುತ್ತಿತ್ತೋ ನೋಡಿಲ್ಲ. ಅಕ್ಕನಿಗೆ ಫೋನ್ ಮಾಡಿ ಜೀಪಿನ ಹಳೇ ಫೋಟೋ ಯಾವುದಾದರೂ ಇದ್ದರೆ ಕಳಿಸಿ ಎಂದೆ. ಕಳಿಸಿದರು. ಒಂದರ ಹಿಂದೊಂದು ಬಂದವು. ಎಲ್ಲವೂ ಆಯುಧಪೂಜೆಯವು. ಹಾರ ಹಾಕಿಕೊಂಡ ಜೀಪು, ಬಾಳೆಕಂದು ಕಟ್ಟಿಕೊಂಡ ಜೀಪು, ಕನ್ನಡಿಯ ಹಾಗೆ ಹೊಳೆಯುವ ಜೀಪು, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಭಾವ. ಕೆಸರಾದ ಗಾಡಿಯ ಫೋಟೋ ಯಾರು ತೆಗೆಯುತ್ತಾರೆ? ನಾನೂ ತೆಗೆದಿಲ್ಲ. ಬೆಟ್ಟದ್ದು ತೆಗೆದಿದ್ದೇನೆ, ಮೋಡದ್ದು ತೆಗೆದಿದ್ದೇನೆ.

ದಾಖಲೆಯಿಲ್ಲದ ಮಾತನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳುವವಳು ನಾನು. ಇಲ್ಲಿ ದಾಖಲೆಗಳೆಲ್ಲ ಭಾವನ ಕಡೆ. ನನ್ನ ಕಡೆ ಇರುವುದು ಸೊಂಟ ನೋವಿನ ಹೊತ್ತಿನಲ್ಲಿ ಕಂಡ ಒಂದು ಕೆಂಪು ಜೀಪು. ಅದರ ನಿಜವಾದ ಬಣ್ಣ ಹಸಿರು.

ಇದನ್ನು ಯೋಚಿಸಿದಷ್ಟೂ ಸಿಟ್ಟು ಇಳಿಯಬೇಕಿತ್ತು, ಏರಿತು. ಯಾಕೆ ಏರಿತು ಎಂದು ನನ್ನನ್ನೇ ಕೇಳಿಕೊಂಡೆ. ಅವರು ಸರಿ ಇರಬಹುದು ಎಂಬ ಸಂಕಟಕ್ಕಾ? ಅಲ್ಲ ಅನ್ನಿಸಿತು. ಜೀಪು ಕೊಳೆಯಾಗಿತ್ತೋ ಚೊಕ್ಕವಾಗಿತ್ತೋ, ಅದು ಬೇರೆ ಮಾತು. ಭಾವ ಬಂದು, "ಇದು ಹೀಗಿರಲಿಲ್ಲ, ತಿದ್ದು" ಎಂದಿದ್ದರೆ ಜಗಳವಾಡುತ್ತಿದ್ದೆ, ಬಹುಶಃ ತಿದ್ದುತ್ತಿದ್ದೆ. ಅವರು ಹೇಳಲೂ ಇಲ್ಲ, ಕೇಳಲೂ ಇಲ್ಲ. ನನ್ನ ಒಂದು ತಿಂಗಳ ಕೆಲಸವನ್ನು ಕೊಳೆ ಎಂದು ತಿಳಿದು, ಒಳ್ಳೆಯ ಮನಸ್ಸಿನಿಂದ, ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ಚರಂಡಿಗೆ ಬಿಟ್ಟರು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಉತ್ತರ ಕೊಡುವುದು ಸುಲಭವಿತ್ತು.

ಕುಂಚ ಕೆಳಗಿಟ್ಟೆ. ತೊಳೆದ ಜೀಪನ್ನೇ ತೀರ್ಥಹಳ್ಳಿಗೆ ಒಯ್ದೆ. ಪ್ರತಿ ಮಾದರಿಯ ಮುಂದೆ ಒಂದು ಚೀಟಿ ಇಡಬೇಕಿತ್ತು. ನಾನು ಬರೆದೆ: "ಕೊಡಚಾದ್ರಿ ಜೀಪು. ಪೆಟ್ಟಿಗೆಯದಲ್ಲ, ಪೂರ್ತಿ ಕೈಯಲ್ಲಿ ಕಟ್ಟಿದ್ದು. ತೊಳೆದವಳು ನಾನಲ್ಲ."

ಜನ ಓದಿ ನಗುತ್ತಿದ್ದರು. ಗುಂಪಿನವರು ಸುತ್ತ ಬಂದು ಬಗ್ಗಿ ನೋಡಿದರು. ಟ್ಯಾಂಕರಿಗೆ ಪೆಟ್ಟಿಗೆ ಮಾಲು ಎಂದವರು, "ಹುಡ್ ನೀವೇ ಹೊಲಿದ್ರಾ? ಅಡಿಯ ಚಾಸಿಯೂ ನೀವೇನಾ?" ಎಂದು ಕೇಳಿ, ಕೊನೆಗೆ, "ಒಂದು ಸ್ವಲ್ಪ ಮಣ್ಣು ಹಚ್ಚಿದ್ರೆ ಜೀವ ಬರ್ತಿತ್ತು ಮೇಡಮ್. ಹೀಗೆ ಶೋರೂಮಿನ ಗಾಡಿ ಥರ ಆಯ್ತು," ಎಂದರು. ನಾನು ಚೀಟಿಯನ್ನು ಅವರ ಕಡೆ ಇನ್ನಷ್ಟು ಸರಿಸಿದೆ.

ಮಧ್ಯಾಹ್ನದ ಹೊತ್ತಿಗೆ ಭಾವ ಬಂದರು. ಹೊಸನಗರದಲ್ಲಿ ಬಸ್ಸು ಬದಲಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಅಕ್ಕನ ಜೊತೆ. ಬರುತ್ತೇವೆಂದು ಹೇಳಿರಲಿಲ್ಲ. ಚೀಟಿಯನ್ನು ನಿಧಾನಕ್ಕೆ ಓದಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅರ್ಥವಾಗಲಿ, ಒಂದು ಸಲ ಚುಚ್ಚಲಿ ಎಂದುಕೊಂಡೆ.

ಭಾವ ಪಕ್ಕದಲ್ಲಿದ್ದವರ ಕಡೆ ತಿರುಗಿದರು. "ತೊಳ್ದಿದ್ದು ನಾನೇ! ಇದು ನನ್ನ ಗಾಡೀನೇ, ಗೊತ್ತಾತಾ? ನಮ್ಮ ತಮ್ಮನ ಹೆಂಡ್ತಿ ಮಾಡಿದ್ದು. ತಂದಾಗ ನೋಡ್ಬೇಕಿತ್ತು ನೀವು, ಬೆಟ್ಟ ಇಳ್ದು ಬಂದಂಗಿತ್ತು. ತಿಕ್ಕಿ ತಿಕ್ಕಿ ತೊಳ್ದೆ." ಹೇಳುತ್ತಲೇ ಕೈ ಚಾಚಿ ಬಾನೆಟ್ಟಿನ ಮೇಲೆ ಬೆರಳಿಟ್ಟರು, ಹಳೆಯ ಎತ್ತಿನ ಹಣೆ ಸವರುವ ಹಾಗೆ.

"ಕೈ ತೆಗೀರಿ ಭಾವ."

ಈ ಸಲ ಅಂದೆ. ಸಾಕ್ಷಿ ಹೇಳಲು ಇಡೀ ಹಾಲ್ ಇದೆ. ಮಾತು ಎಷ್ಟು ಗಟ್ಟಿಯಾಗಿತ್ತೆಂದರೆ ಪಕ್ಕದ ಮೇಜಿನವರು ತಿರುಗಿದರು, ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಎಂತ ಆತೇ?" ಎಂದರು ಭಾವ. ಬೆರಳು ಇನ್ನೂ ಅಲ್ಲೇ ಇತ್ತು. "ನನ್ನ ಗಾಡಿ ಅಲ್ದನ?"

"ನಿಮ್ಮ ಗಾಡಿ ಗುಜರಿಗೆ ಹೋತು. ಇದು ನಂದು. ಕೊಳೆ ಆದ್ರೂ ನಂದು, ಚೊಕ್ಕ ಆದ್ರೂ ನಂದು. ಮುಟ್ಟೋ ಮೊದ್ಲು ನನ್ನ ಕೇಳ್ಬೇಕಿತ್ತು. ಯಾರೂ ಕೇಳ್ಲಿಲ್ಲ. ನೀವು ಕೇಳ್ಲಿಲ್ಲ, ಅಕ್ಕ ಕೇಳ್ಲಿಲ್ಲ."

ಗುಜರಿ ಎಂದಾಗ ಅವರ ಮುಖ ಸಣ್ಣದಾಯಿತು. ಅದನ್ನು ನೋಡಿಯೂ ನಾನು ನಿಲ್ಲಿಸಲಿಲ್ಲ. ಆ ಮಾತು ಬೇಕಿತ್ತೇ? ಬೇಕಿರಲಿಲ್ಲವೇನೋ. ಆದರೆ ಅದನ್ನು ಬಿಟ್ಟು ಉಳಿದದ್ದನ್ನು ಹೇಳಲು ಆಗ ನನಗೆ ದಾರಿ ಇರಲಿಲ್ಲ.

ಭಾವ ಕೈ ತೆಗೆದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಹೊರಟುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಮೇಜಿನ ಆ ಕಡೆಗೆ ಹೋಗಿ, ಬಗ್ಗಿ, ಒಂದು ಬದಿಯಿಂದ ನೋಡಿದರು, ಈ ಕಡೆಗೆ ಬಂದು ಇನ್ನೊಂದು ಬದಿಯಿಂದ ನೋಡಿದರು. ಚಕ್ರ, ಕಂಬಿ, ಒಳಗಿನ ಸ್ಟೀರಿಂಗು. ಜನ ಬೇರೆ ಮೇಜುಗಳ ಕಡೆ ಸರಿದರು. ಅವರು ಇನ್ನೂ ನೋಡುತ್ತಲೇ ಇದ್ದರು. ಆಮೇಲೆ, ನನ್ನನ್ನು ನೋಡದೆ, ಜೀಪನ್ನೇ ನೋಡುತ್ತ ಕೇಳಿದರು:

"ಒಂದ್ಸಲ ಎತ್ತಿ, ಕೈಯಲ್ಲಿ ಹಿಡ್ಕಂಡು ನೋಡ್ಲಾ?"

ಕೇಳಿದರು. ನಾನು ಬಯಸಿದ್ದು ಅದನ್ನೇ.

"ಬೇಡ ಭಾವ," ಎಂದೆ.