ಬಾವಿಗೋಡೆಯ ನೊರೆ

ಕೆಳಮನೆ ಅತ್ತೆಯ ಬೆರಳ ತುದಿಗಳು ಸದಾ ನೆನೆದ ಅವಲಕ್ಕಿಯಂತೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಹಗಲಿಡೀ ನೀರಲ್ಲೇ ಕೆಲಸ. ನಮ್ಮೂರು ಯಡ್ತರೆಯಲ್ಲಿ ಆಗ ನಮ್ಮಿಬ್ಬರ ಮನೆಗೂ ನಮ್ಮ ಬಾವಿಯೇ. ಬಚ್ಚಲಿನ ಹಂಡೆಗೆ ನೀರು ಸುರಿಯುವ ಮೊದಲು ಅದರ ಹಿಂದೆ ಬಗ್ಗಿ ನೋಡಿ, ಗೋಡೆಗಂಟಿದ ಮರಗಪ್ಪೆಯನ್ನು "ಹ್ವಾಯ್, ಚೂರ್ ಬದಿಗ್ ಬನ್ನಿ" ಎಂದು ಬಹುವಚನದಲ್ಲೇ ಎಬ್ಬಿಸುತ್ತಿದ್ದರು. ನೆಂಟರಿಗೂ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಅರವತ್ತರ ದಶಕದ ಒಂದು ಮಳೆಗಾಲ ಬಾವಿಯ ಒಳಗೋಡೆಯಲ್ಲಿ, ನೀರಿನಿಂದ ಎರಡು ಗೇಣು ಮೇಲೆ, ಮುಷ್ಟಿಗಾತ್ರದ ಬಿಳಿ ನೊರೆ ಕಂಡಿತು. ಬಾವಿಕಟ್ಟೆಯಲ್ಲಿ ಸೋಪು ಹಾಕಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಬಾರ್ ಸೋಪು ಇದ್ದದ್ದು ಕೆಳಮನೆ ಅತ್ತೆಯಲ್ಲಿ ಮಾತ್ರ, ಮುಂಬಯಿ ಹೋಟೆಲಿನಲ್ಲಿದ್ದ ಅವರ ತಮ್ಮ ತಂದುಕೊಟ್ಟದ್ದು. ಕುಂದಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ನನ್ನನ್ನು ಅಪ್ಪಯ್ಯ ತಜ್ಞನೆಂದು ಕರೆಸಿದರು. ನಾನು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಸೋಪೇ ಎಂದು ತೀರ್ಪು ಕೊಟ್ಟೆ. ಇನ್ನು ಇಲ್ಲಿ ನೀರು ಸೇದಬೇಡಿ ಎಂದು ಅಪ್ಪಯ್ಯ ಅತ್ತೆಗೆ ಹೇಳಿಬಿಟ್ಟರು. ಅವರಿಗೆ ಉಳಿದದ್ದು ಗದ್ದೆಯಾಚೆಯ ಬಾವಿ, ಜಾರುವ ಅಂಚಿನ ಮೇಲೆ ನಡಿಗೆ.

ಅತ್ತೆ ಜಗಳವಾಡಲಿಲ್ಲ. ದಿನಾ ಬಂದು ನೊರೆ ನೋಡಿ ಹೋಗುತ್ತಿದ್ದರು. ಸೋಪಿನದಾದರೆ ಮಧ್ಯಾಹ್ನಕ್ಕೆ ಇರಬಾರದು. ಇದು ನಾಲ್ಕು ದಿನವಾದರೂ ಅಲ್ಲೇ, ಮೇಲ್ಮೈ ಹಳದಿಗಟ್ಟಿ ಒಣಗಿತ್ತು. ತಜ್ಞನಿಗೆ ಗೊಂದಲ ಶುರುವಾಯಿತು. ಐದನೆಯ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಕರೆದರು. ನೊರೆಯ ಅಡಿ ಕರಗಿ, ಜೀರಿಗೆಗಿಂತ ಚೂರು ದೊಡ್ಡ ಮರಿಗಳು ನೀರಿಗೆ ತೊಟ್ಟಿಕ್ಕುತ್ತಿದ್ದವು.

"ನನ್ ಸೋಪಿಗೆ ಬಾಲ ಬಂತ್, ಕಾಣ್ ಮಗಾ."

ಹೆಣ್ಣು ಮರಗಪ್ಪೆ ಹಿಂಗಾಲಲ್ಲಿ ಕಡೆದು ನೊರೆ ಎಬ್ಬಿಸಿ ಮೊಟ್ಟೆ ಒಣಗದಂತೆ ಅದರೊಳಗಿಡುತ್ತದೆಂದು, ಮಜ್ಜಿಗೆಯ ವಿಷಯ ಹೇಳಿದಷ್ಟೇ ಸಲೀಸಾಗಿ ವಿವರಿಸಿದರು. ನನ್ನ ಪುಸ್ತಕದ ಕಪ್ಪೆ ನೀರಲ್ಲೇ ಮೊಟ್ಟೆಯಿಡುತ್ತಿತ್ತು. ಅದಕ್ಕೆ ನನಗೆ ಅಂಕವೂ ಬಂದಿತ್ತು. ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಓದಿದವ್ರ್ ಹೇಳಿದ್ ಮೇಲೆ ನಾ ಎಂತ ಹೇಳೂದ್?"

ಅಪ್ಪಯ್ಯ ತಾವೇ ಹೋಗಿ ತಪ್ಪಾಯಿತೆಂದು ಹೇಳಿ, ಬಾವಿಗೆ ಬನ್ನಿ ಎಂದು ಕರೆದರು. ಅತ್ತೆ ಬೆಲ್ಲ ನೀರು ಕೊಟ್ಟು ಉಪಚರಿಸಿ, ಆಯ್ತು ಎಂದರು. ಮರುದಿನ ಗದ್ದೆಯಾಚೆಗೇ ಹೋದರು. ಮುಂದೆಯೂ ಹಾಗೆಯೇ. ನನ್ನ ಮದುವೆಗೆ ಬಂದು ಹೋಳಿಗೆ ಲಟ್ಟಿಸಿದರು. ಬಾವಿಯ ಹಗ್ಗ ಮಾತ್ರ ಮುಟ್ಟಲಿಲ್ಲ. ಸಿಟ್ಟೋ, ಅಭ್ಯಾಸವೋ, ಮರಿಗಳಿಗೆ ಕೊಡಪಾನ ತಾಗೀತೆಂಬ ಕಾಳಜಿಯೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಅವರು ತೀರಿಕೊಂಡ ದಿನ ಮೀಯಿಸಲು ನೀರು ಬೇಕಾಯಿತು. ನಮ್ಮ ಬಾವಿಯೇ ಹತ್ತಿರವಿತ್ತು. ನಾನು ಕೊಡಪಾನ ಎತ್ತಿಕೊಂಡು ಗದ್ದೆಯಾಚೆಗೆ ಹೋದೆ.