ಉಕ್ಕಿನೊಳಗಿನ ಕಡಲೆಬೀಜ

ನರೋಡಾದಲ್ಲಿ ನನ್ನ ಮೊಮ್ಮಗಳಿಗೆ ಮೊದಲ ಕೆಲಸ ಕೊಟ್ಟ ಭಟ್ಟಿಯ ಯಜಮಾನರನ್ನು ನೆನೆದರೆ ಈಗಲೂ ನಗು. ತಗಡು ಕತ್ತರಿಸುವ ಅಚ್ಚುಗಳನ್ನು ಕಾಯಿಸಿ ಗಟ್ಟಿ ಮಾಡುವುದು ಅವರ ಕಸುಬು. ಯಾವ ಉಕ್ಕು ಸಿಕ್ಕರೂ ಅರದಿಂದ ಉಜ್ಜಿ, ಗಟ್ಟಿಯಿದ್ದರೆ ತಮ್ಮ ಗುಜರಾತಿಯಲ್ಲಿ "ಕಡಕ್ ಛೇ!", ಅಂದರೆ ಗಟ್ಟಿಯಿದೆ, ಎನ್ನುವರು. ಮೊಮ್ಮಗಳಿಗೆ ಊಟ ಕೊಡಲು ಹೋದಾಗ, ನನ್ನ ಮೊಣಕಾಲನ್ನೂ ಉಜ್ಜಿಯಾರೆಂದು ನಾನು ದೂರವೇ ಕೂರುತ್ತಿದ್ದೆ.

ಒಮ್ಮೆ ಸಮನಾಗಿ ಗಟ್ಟಿಯಾಗಿದ್ದ ಎರಡು ಅಚ್ಚುಗಳಲ್ಲಿ ಒಂದರ ಅಂಚು ಬೇಗ ಉದುರಿತು. "ನೀನೇ ಸರಿಯಾಗಿ ಕಾಯಿಸಿಲ್ಲ, ನಾಳೆಯಿಂದ ಬರಬೇಡ!" ಎಂದು ಅವರು ಮೊಮ್ಮಗಳ ಮೇಲೆ ಕೂಗಾಡಿದರು. ಅವಳು ಎರಡನ್ನೂ ಸೂಕ್ಷ್ಮದರ್ಶಕದಡಿ ಇಟ್ಟು, ಊಟದ ಡಬ್ಬಿ ತಂದಿದ್ದ ನನ್ನನ್ನೂ ಕರೆದಳು. ಒಂದರಲ್ಲಿ ಉಕ್ಕಿನೊಳಗಿನ ಗಡಸು ಬಿಳಿ ಕಾಳುಗಳು ಸಣ್ಣಗೆ ಹರಡಿದ್ದವು; ಉದುರಿದ್ದರಲ್ಲಿ ದಪ್ಪಗೆ ಸಾಲುಗಟ್ಟಿದ್ದವು.

"ಅಯ್ಯೋ, ಇದು ಚಿಕ್ಕಿ ಕಣೇ! ಇಡೀ ಕಡಲೆಬೀಜ ಹಾಕಿದ್ರೆ ಅಂಚಲ್ಲಿ ಉದುರತ್ತೆ. ತರಿ ಹಾಕಿದ್ರೆ ಉದುರಲ್ಲ."

"ಅದೇ ಅಜ್ಜಿ! ಕಾಯಿಸಿದ್ದು ಸರಿಯಾಗೇ ಇದೆ. ಈ ದಪ್ಪ ಕಾಳು ಕಾಯಿಸೋದ್ರಿಂದ ಆಗೋದಲ್ಲ, ಉಕ್ಕೇ ಹಂಗೆ ಬಂದಿದೆ."

ಅವಳು ಅದನ್ನೇ ಯಜಮಾನರಿಗೆ ಹಿಂದಿಯಲ್ಲಿ ತಿಳಿಸಿದಳು. ಯಜಮಾನರು ಇಣುಕಿ, "ಈ ಮಾಲು ತಂದವನ್ಯಾರು?" ಎಂದು ಗುಡುಗಿದರು.

"ನೀವೇ, ಸೇಠ್‌ಜೀ," ಎಂದಳು ಮೊಮ್ಮಗಳು.

ನನಗೆ ಕುಣಿಯುವಷ್ಟು ಹಿಗ್ಗು. ಕೆಲಸ ಉಳಿಯಿತು. ಆಮೇಲೆ ಅವರು ಸೂಕ್ಷ್ಮದರ್ಶಕ ನೋಡಿಯೇ ಬೈಯುತ್ತಿದ್ದರು, ಬೈಯುವುದನ್ನಂತೂ ಬಿಡಲಿಲ್ಲ.